ಬುದ್ಧಿವಂತ ಡಬ್ಬಿ ಬೇಕೋ, ಬುದ್ಧಿವಂತ ಮಕ್ಕಳು ಬೇಕೋ?



ಇದು ವಿಜ್ಞಾನದ ಯುಗ. ಈಗ ಕಸದ ಡಬ್ಬಿಗೂ ಬುದ್ಧಿ ಬಂದಿದೆ. ಕೈ ಹತ್ತಿರ ಹೋದರೆ ಸಾಕು, ಮುಚ್ಚಳ ತಾನೇ ತೆರೆಯುತ್ತದೆ. ಕೆಲವು ಡಬ್ಬಿಗಳಿಂದ ನಮ್ಮ ಕಿವಿಗೆ ಕೇಳದ ಶಬ್ದ ಹೊರಟು, ಕೈಗೆ ತಾಗಿ ವಾಪಸ್ ಬರುತ್ತದೆ. ಚಿಕ್ಕ ಬಾವಲಿಗಳು ಕತ್ತಲಲ್ಲಿ ದಾರಿ ಕಂಡುಕೊಳ್ಳುವುದೂ ಹೀಗೇ. ಇನ್ನೊಂದು ಬಗೆಯ ಡಬ್ಬಿಯಲ್ಲಿ ತೇವ ಅಳೆಯುವ ಸೆನ್ಸಾರ್ ಇರುತ್ತದೆ. ತೇವ ಇದ್ದರೆ ಹಸಿ ಕಸ, ಇಲ್ಲದಿದ್ದರೆ ಒಣ ಕಸ ಎಂದು ಅದೇ ಬೇರೆ ಮಾಡುತ್ತದೆ. ವಿಜ್ಞಾನ ಮೇಳಗಳಲ್ಲಿ ಇದನ್ನು ಮಕ್ಕಳೇ ಮಾಡಿ ತೋರಿಸುತ್ತಾರೆ. ನಮ್ಮ ಶಾಲೆಗೂ ಒಂದು ಬೇಕು ಅಂತ ತುಂಬಾ ಜನ ಹೇಳ್ತಿದ್ದಾರೆ.

ನನ್ನ ಅಭಿಪ್ರಾಯ ಬೇರೆ. ನಮ್ಮ ಕಸ ಯಾವುದು ನೋಡಿ. ಬಿಸಿಯೂಟ ಆದ ಮೇಲೆ ಮೊಟ್ಟೆ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ತಟ್ಟೆಯಲ್ಲಿ ಬಿಟ್ಟ ಅನ್ನ. ತರಗತಿಯಲ್ಲಿ ಹರಿದ ಹಾಳೆ, ಖಾಲಿ ರೀಫಿಲ್, ಚಾಕೊಲೇಟ್ ಕವರ್. ಸಾರು ಮೆತ್ತಿದ ಕವರ್ ಹಾಕಿದರೆ ತೇವ ನೋಡುವ ಡಬ್ಬಿ ಅದನ್ನು ಹಸಿ ಕಸ ಅನ್ನುತ್ತದೆ. ಒಣಗಿದ ಸಿಪ್ಪೆಯನ್ನು ಒಣ ಕಸ ಅನ್ನುತ್ತದೆ. ಅದಕ್ಕೆ ಒಂದೊಂದೇ ವಸ್ತು ಹಾಕಬೇಕು. ನಾವೋ ಬೆಲ್ ಹೊಡೆದ ಕೂಡಲೇ ಒಟ್ಟಿಗೆ ನುಗ್ಗುತ್ತೇವೆ. ಕರೆಂಟ್ ಹೋದರೆ ಕತೆ ಮುಗೀತು. ಆದರೆ ಇದು ಸಿಪ್ಪೆ, ಇದು ಪ್ಲಾಸ್ಟಿಕ್ ಅಂತ ಒಂದನೇ ತರಗತಿ ಮಗುವಿಗೂ ಗೊತ್ತು.

ಕಲಸಿದ ಕಸವನ್ನು ಕೊನೆಗೆ ಯಾರು ಬಿಡಿಸುತ್ತಾರೆ? ಪಂಚಾಯಿತಿ ಕಸದ ಗಾಡಿಯ ಅಕ್ಕಂದಿರು, ತಮ್ಮ ಕೈಯಿಂದ. ಅದರಲ್ಲಿ ನಾವು ಪೆನ್ಸಿಲ್ ಹೆರೆದ ಬ್ಲೇಡೂ ಇರುತ್ತದೆ. ಗಾಡಿ ಬರದ ದಿನ ದನ ಬಂದು ಅನ್ನದ ಜೊತೆ ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ. ಹಸಿ, ಒಣ, ಅಪಾಯಕಾರಿ ಎಂದು ಕಸವನ್ನು ಅದು ಹುಟ್ಟುವ ಜಾಗದಲ್ಲೇ ಬೇರೆ ಮಾಡಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ನಿಯಮ ಮಾಡಿತು. ಶಾಲೆಯಲ್ಲಿ ಆ ಜಾಗ ಅಂದರೆ ನಮ್ಮ ತರಗತಿ, ನಮ್ಮ ಊಟದ ಸಾಲು.

ಹಾಗಂತ ತಂತ್ರಜ್ಞಾನ ಬೇಡವೇ ಬೇಡ ಅನ್ನುವುದಿಲ್ಲ. ಡಬ್ಬಿ ತುಂಬಿದೆ ಎಂದು ಸುದ್ದಿ ಕಳಿಸುವ ಸೆನ್ಸಾರ್ ದೊಡ್ಡ ಪೇಟೆಗೆ ಉಪಯೋಗ. ನಮಗೆ ಅದು ಕಣ್ಣಿಗೇ ಕಾಣುತ್ತದೆ. ನಮಗೆ ಬೇಕಾದದ್ದು ಪ್ರತಿ ತರಗತಿಗೆ ಎರಡು ಬುಟ್ಟಿ, ಬ್ಲೇಡಿಗೆ ಮುಚ್ಚಳದ ಒಂದು ಡಬ್ಬ, ಇಡೀ ಶಾಲೆಗೆ ಒಂದು ಸಣ್ಣ ಡಿಜಿಟಲ್ ತಕ್ಕಡಿ. ದಿನಾ ಬುಟ್ಟಿ ತೂಗಿ, ಶನಿವಾರ ಒಟ್ಟು ಲೆಕ್ಕವನ್ನು ಇದೇ ಗೋಡೆ ಪತ್ರಿಕೆಯ ಪಕ್ಕ ಬರೆಯೋಣ. ಎಷ್ಟು ಅನ್ನ ಚೆಲ್ಲಿದೆವು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಹಸಿ ಕಸ ಗುಂಡಿಗೆ ಹೋದರೆ ಕೈತೋಟಕ್ಕೆ ಗೊಬ್ಬರ.

ಮನೆ ಗೆದ್ದು ಮಾರು ಗೆಲ್ಲು ಅಂತಾರೆ ಹಿರಿಯರು. ಮೊದಲು ಎರಡು ಬುಟ್ಟಿ ಗೆಲ್ಲೋಣ, ಆಮೇಲೆ ಸೆನ್ಸಾರ್ ಡಬ್ಬಿ ಕೇಳೋಣ. ನೀವೇನಂತೀರಿ? ಮುಂದಿನ ಸಂಚಿಕೆಗೆ ಬರೆದು ಕೊಡಿ.

– 7ನೇ ತರಗತಿ ವಿದ್ಯಾರ್ಥಿನಿ