ಕೈ ನಮ್ಮದು, ಮುಖ ಯಾರದು?

ದೇಶಪಾಂಡೆ ನಗರದ ತರುಣ ತರುಣಿಯರೇ,

ಸಂಜೆಯಾದರೆ ಸವಾಯಿ ಗಂಧರ್ವ ಸಭಾಭವನದ ಸುತ್ತಮುತ್ತ ಮೊಬೈಲು ಹಿಡಿದು ಆಟಕ್ಕೆ ಕೂರುವವರೇ, ನಿಮಗೊಂದು ಪ್ರಶ್ನೆ. ಪರದೆಯ ಮೇಲೆ ಕತ್ತಿ ಬೀಸುವ ಆ ವೀರ ಯಾವ ಊರಿನವನು? ಯಾವ ನುಡಿ ಆಡುತ್ತಾನೆ? ಅವನಿಗೆ ಮುಖ ಕೊಟ್ಟವರು ಯಾರು? ಯೋಚಿಸಿಲ್ಲ ಅಲ್ಲವೇ? ಹಾಗಾದರೆ ಅಂಥ ಒಬ್ಬನ ಕಥೆ ಕೇಳಿ.

ಹೆಸರು ಅಕಿರಾ ತೋರಿಯಾಮ. 1955ರಲ್ಲಿ ಜಪಾನಿನ ಐಚಿ ಸೀಮೆಯಲ್ಲಿ ಹುಟ್ಟಿದವನು. ಜಾಹೀರಾತು ಕಂಪನಿಯ ನೌಕರಿ ಬಿಟ್ಟು ಚಿತ್ರಕಥೆ ಬರೆಯಲು ಕೂತ. ನೀವು ಟಿವಿಯಲ್ಲಿ ನೋಡಿದ 'ಡ್ರ್ಯಾಗನ್ ಬಾಲ್' ಆತನದೇ. 1986ರಲ್ಲಿ 'ಡ್ರ್ಯಾಗನ್ ಕ್ವೆಸ್ಟ್' ಎಂಬ ವಿಡಿಯೋ ಗೇಮಿಗೆ ವೀರರನ್ನೂ ರಾಕ್ಷಸರನ್ನೂ ಬರೆದುಕೊಟ್ಟ. ಆಟ ಕಟ್ಟಿದ ಯೂಜಿ ಹೋರಿ ಗೀಚಿಕೊಟ್ಟದ್ದು ಒಂದು ಲೋಳೆಯ ಗುಪ್ಪೆ. ತೋರಿಯಾಮನ ಕೈಯಲ್ಲಿ ಅದು ನಗುಮುಖದ ನೀಲಿ ಹನಿಯಾಯಿತು! ಇಂದಿಗೂ ಆ ಹನಿಯೇ ಆ ಆಟದ ಗುರುತು. 2024ರ ಮಾರ್ಚ್ 1ರಂದು ಆತ ತೀರಿಕೊಂಡಾಗ ದೇಶದೇಶಗಳ ಯುವಕರು ಮರುಗಿದರು.

ಎರಡು ಮಾತು ಎದೆಯಲ್ಲಿಟ್ಟುಕೊಳ್ಳಿ. ಒಂದು, ಆತ ಟೋಕಿಯೋಗೆ ಗುಳೆ ಹೋಗಲಿಲ್ಲ. ತನ್ನ ಸೀಮೆಯಲ್ಲೇ ಕೂತು ಬರೆದ, ರಾಜಧಾನಿಗೆ ಕಳಿಸಿದ. ಎರಡು, ಆ ಆಟ ಹುಟ್ಟಿದ್ದು ಜಪಾನಿ ನುಡಿಯಲ್ಲಿ. ಅದು ಇಂಗ್ಲಿಷಿಗೆ ಬಂದು ಅಮೆರಿಕ ಮುಟ್ಟಿದ್ದು 1989ರಲ್ಲಿ. ಕಾದವರು ಅಮೆರಿಕದವರು, ಜಪಾನಿಯರಲ್ಲ!

ಈಗ ನಮ್ಮ ಮನೆ ನೋಡಿ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಕಟ್ಟಿದರು. ಅದು ದೇಶದ ಮೊದಮೊದಲ ಗೇಮ್ ಕಂಪನಿ. ಹೆಮ್ಮೆಯೇ ಸರಿ. ಆದರೆ ಅಲ್ಲಿನ ದುಡಿಮೆಯ ಬಹುಪಾಲು ಪರದೇಶದ ಆಟಗಳಿಗೆ ಚಿತ್ರ ಮಾಡಿಕೊಡುವುದಾಯಿತು. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಅದನ್ನು ಕೊಂಡುಕೊಂಡಿತು. ಕೈ ನಮ್ಮದು, ಕಸುಬು ನಮ್ಮದು. ಮುಖ, ಹೆಸರು, ಹಕ್ಕು ಪರರದು! ಕೂಲಿ ಮಾಡುವುದು ತಪ್ಪಲ್ಲ. ಕೂಲಿಗೇ ನಿಂತುಬಿಡುವುದು ತಪ್ಪು.

ನಮ್ಮಲ್ಲಿ ಪಾತ್ರಗಳಿಗೆ ಬರವೇ? ಪರದೆಯ ಆಟ ನಮಗೆ ಹೊಸದೇ? ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ತೊಗಲುಗೊಂಬೆ ಆಡಿಸಿಯೇ 2025ರಲ್ಲಿ ಪದ್ಮಶ್ರೀಗೆ ಪಾತ್ರರಾದರು. ತೊಗಲಿನ ರಾವಣನಿಗೆ ಕಣ್ಣು, ಬಣ್ಣ, ನಿಲುವು ಕೊಟ್ಟ ಆ ಮನೆತನಗಳು ತೋರಿಯಾಮನಿಗೆ ಯಾವುದರಲ್ಲಿ ಕಡಿಮೆ? ಪಕ್ಕದ ಧಾರವಾಡದಲ್ಲಿ ಹಾಲಭಾವಿಯವರು ಚಿತ್ರಕಲಾ ಶಾಲೆಯನ್ನೇ ಕಟ್ಟಿ ಹೋದರು. ಬೀಜ ಇದೆ, ಹೊಲ ಇದೆ. ಬಿತ್ತುವವರು ಬೇಕು!

ಅನಿಮೇಷನ್ ಮತ್ತು ಗೇಮಿಂಗಿಗೆ ದೇಶದಲ್ಲೇ ಮೊದಲು ನೀತಿ ತಂದದ್ದು ಕರ್ನಾಟಕ, 2012ರಲ್ಲಿ. 2024ರಲ್ಲಿ ಮತ್ತೊಂದು ಬಂತು. ಸರ್ಕಾರಕ್ಕೆ ನಮ್ಮ ಹಕ್ಕೊತ್ತಾಯ ಇಷ್ಟೇ: ಕನ್ನಡಿಗರ ತೆರಿಗೆ ಹಣ ಪಡೆಯುವ ಪ್ರತಿ ಆಟವೂ ಕನ್ನಡ ಮಾತಾಡಲಿ. ಚಿತ್ರ ಬರೆದವರ ಹೆಸರು ಪರದೆಯ ಮೇಲೆ ಕನ್ನಡದಲ್ಲಿ ಬರಲಿ. ಹುಬ್ಬಳ್ಳಿಯ ಮಕ್ಕಳು ಹುಬ್ಬಳ್ಳಿಯಲ್ಲೇ ಕೂತು ದುಡಿಯುವಂತಾಗಲಿ.

ಇನ್ನು ನಿಮ್ಮ ಸರದಿ. ಬೆರಳು ಸವೆಸಿದ್ದು ಸಾಕು, ಪೆನ್ಸಿಲು ಹಿಡಿಯಿರಿ. ಕನ್ನಡದ ವೀರನೊಬ್ಬನಿಗೆ ಮುಖ ಕೊಡಿ. ಆ ಆಟ ತಮ್ಮ ನುಡಿಗೆ ಯಾವಾಗ ಬರುತ್ತದೆಂದು ಟೋಕಿಯೋದ ಹುಡುಗರು ಕಾಯಲಿ!