ಪಿಪಿಇ ತ್ಯಾಜ್ಯ: ಕಡಿತ ಶುರುವಾಗಬೇಕಾದುದು ಖರೀದಿಯ ಹಂತದಲ್ಲೇ

ಕೋವಿಡ್ ಪಿಡುಗಿನ ಕಾಲದಲ್ಲಿ, 2020ರ ಮಾರ್ಚ್‌ನಿಂದ 2021ರ ನವೆಂಬರ್‌ವರೆಗೆ, ವಿಶ್ವಸಂಸ್ಥೆಯ ಜಂಟಿ ತುರ್ತು ಕಾರ್ಯಕ್ರಮದ ಮೂಲಕ ಸುಮಾರು 87 ಸಾವಿರ ಟನ್ ವೈಯಕ್ತಿಕ ರಕ್ಷಣಾ ಸಾಧನಗಳು, ಅಂದರೆ ಪಿಪಿಇ, ವಿವಿಧ ದೇಶಗಳಿಗೆ ರವಾನೆಯಾದವು. ಅವುಗಳಲ್ಲಿ ಬಹುಪಾಲು ಕಸವಾಗಿಯೇ ಕೊನೆಗೊಂಡಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರ ಫೆಬ್ರುವರಿಯ ವರದಿಯಲ್ಲಿ ಅಂದಾಜಿಸಿತು. ಭಾರತದಲ್ಲಿ ಎರಡನೇ ಅಲೆ ಉತ್ತುಂಗದಲ್ಲಿದ್ದ 2021ರ ಮೇ ತಿಂಗಳಲ್ಲಿ ಕೋವಿಡ್ ಸಂಬಂಧಿ ಜೈವಿಕ ವೈದ್ಯಕೀಯ ತ್ಯಾಜ್ಯದ ಪ್ರಮಾಣ ದಿನಕ್ಕೆ ಸುಮಾರು 200 ಟನ್‌ಗೆ ಮುಟ್ಟಿತ್ತು.

ಈ ತ್ಯಾಜ್ಯವನ್ನು ನಿಭಾಯಿಸುವ ನಿಯಮಗಳು ದೇಶದಲ್ಲಿ ಇರಲಿಲ್ಲವೆಂದಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಆಧಾರದಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಕನ್ನಡಕ, ಮುಖಕವಚ, ಪ್ಲಾಸ್ಟಿಕ್ ಮೇಲುಡುಪು ಮತ್ತು ನೈಟ್ರೈಲ್ ಕೈಗವಸುಗಳು ಕೆಂಪು ಚೀಲಕ್ಕೆ ಹೋಗಬೇಕು. ಬಳಸಿದ ಮಾಸ್ಕ್, ತಲೆಗವಸು, ಪಾದಕವಚಗಳು ಹಳದಿ ಚೀಲಕ್ಕೆ ಸೇರಬೇಕು. ಕೆಂಪು ಚೀಲದ ಪ್ಲಾಸ್ಟಿಕ್ ಅನ್ನು ಅಧಿಕ ಒತ್ತಡದ ಹಬೆಯಿಂದ ಸೋಂಕುಮುಕ್ತಗೊಳಿಸಿ, ಚೂರು ಮಾಡಿ, ಮರುಬಳಕೆಗೆ ಕಳುಹಿಸಬಹುದಾದರೆ, ಹಳದಿ ಚೀಲದ ವಸ್ತುಗಳು ಸಾಮಾನ್ಯವಾಗಿ ದಹನ ಯಂತ್ರಕ್ಕೆ ಹೋಗುತ್ತವೆ. ಆದ್ದರಿಂದ ವಾರ್ಡಿನ ಬಾಗಿಲಲ್ಲಿ ಉಡುಪು ಕಳಚುವ ಸಿಬ್ಬಂದಿ ದಣಿವಿನಲ್ಲೋ ಭಯದಲ್ಲೋ ಎಲ್ಲವನ್ನೂ ಒಂದೇ ಹಳದಿ ಚೀಲಕ್ಕೆ ತುಂಬಿದರೆ, ಮರುಬಳಕೆಯಾಗಬಹುದಾದ ಪ್ಲಾಸ್ಟಿಕ್ ಕೂಡ ಬೆಂಕಿಗೆ ಬೀಳುತ್ತದೆ. ಆದರೆ ವಿಂಗಡಣೆ ಎಷ್ಟೇ ಕಟ್ಟುನಿಟ್ಟಾಗಿದ್ದರೂ ಅದು ಹುಟ್ಟಿದ ಕಸದ ವಿಲೇವಾರಿಯೇ ಹೊರತು ಕಸದ ಕಡಿತವಲ್ಲ.

ಕಡಿತದ ಮೊದಲ ಸೂತ್ರ ಅಪಾಯದ ಮಟ್ಟಕ್ಕೆ ತಕ್ಕ ಬಳಕೆ. ಪೂರ್ಣ ಪಿಪಿಇ ತೀವ್ರ ನಿಗಾ ಘಟಕದಂತಹ ಹೆಚ್ಚು ಅಪಾಯದ ಜಾಗಗಳಿಗೆ ಮಾತ್ರ ಬೇಕು, ಆಡಳಿತ ಸಿಬ್ಬಂದಿಗೆ ಪಿಪಿಇ ಬೇಕಿಲ್ಲ ಎಂದು ಕೇಂದ್ರ ಆರೋಗ್ಯ ಸಚಿವಾಲಯವು 2020ರ ಮಾರ್ಚ್‌ನಲ್ಲೇ ವರ್ಗೀಕರಿಸಿತ್ತು. ಕೈಗವಸು ಕೈತೊಳೆಯುವಿಕೆಗೆ ಬದಲಿಯಲ್ಲವೆಂಬ ತಿಳಿವಳಿಕೆ, ಗಾಜಿನ ತಡೆ, ದೂರವಾಣಿ ಮೂಲಕ ಸಮಾಲೋಚನೆ, ರೋಗಿಯ ಬಳಿ ಮಾಡಬೇಕಾದ ಹಲವು ಕೆಲಸಗಳನ್ನು ಒಂದೇ ಭೇಟಿಯಲ್ಲಿ ಮುಗಿಸುವ ಯೋಜನೆ, ಇವೆಲ್ಲ ಸುರಕ್ಷತೆಗೆ ಕುಂದು ತಾರದೆಯೇ ಬಳಕೆಯನ್ನು ಇಳಿಸುತ್ತವೆ.

ಎರಡನೆಯದು ಮರುಬಳಕೆ. ಇಲ್ಲಿ ಎಚ್ಚರ ಅಗತ್ಯ, ಏಕೆಂದರೆ ಎನ್‌95 ಮಾಸ್ಕ್‌ನ ಶಕ್ತಿ ಅದರ ಸೂಕ್ಷ್ಮ ಪಾಲಿಪ್ರೊಪಿಲೀನ್ ಎಳೆಗಳ ಸ್ಥಾಯೀ ವಿದ್ಯುದಾವೇಶದಲ್ಲಿದ್ದು, ಸಾಬೂನು ಅಥವಾ ಆಲ್ಕೋಹಾಲ್ ಅದನ್ನು ಹಾಳುಮಾಡುತ್ತದೆ. ಆದರೆ ಒಗೆಯಬಲ್ಲ ಬಟ್ಟೆಯ ಗೌನು, ಒರೆಸಿ ಸೋಂಕುನಿವಾರಣೆ ಮಾಡಬಲ್ಲ ಗಟ್ಟಿ ಕನ್ನಡಕ, ಸೋಸುಬಿಲ್ಲೆಯನ್ನಷ್ಟೇ ಬದಲಿಸುವ ರಬ್ಬರ್ ಉಸಿರುಕವಚಗಳಿಗೆ ಈ ಅಡ್ಡಿಯಿಲ್ಲ. ಒಗೆಯಲು ನೀರು, ವಿದ್ಯುತ್ತು ಬೇಕೆಂಬುದು ನಿಜವಾದರೂ, ಪ್ರತಿ ಪಾಳಿಗೂ ಹೊಸ ಗೌನು ತಯಾರಿಸಿ, ಸಾಗಿಸಿ, ಸುಡುವ ವೆಚ್ಚವನ್ನು ಅದರ ಎದುರಿಗಿಟ್ಟೇ ತೂಗಬೇಕು.

ಮೂರನೆಯದೂ ಮುಖ್ಯವಾದುದೂ ಖರೀದಿಯ ಶಿಸ್ತು. ಬ್ರಿಟನ್‌ನ ಆರೋಗ್ಯ ಇಲಾಖೆಯು 2020–21ರ ಪಿಪಿಇ ವೆಚ್ಚದಲ್ಲಿ 870 ಕೋಟಿ ಪೌಂಡ್ ಮೌಲ್ಯವನ್ನು ನಷ್ಟವೆಂದು ಬರೆದುಹಾಕಿತು. ಸುಮಾರು 400 ಕೋಟಿ ಪೌಂಡ್ ಬೆಲೆಯ ಸಾಮಗ್ರಿ ಬಳಕೆಗೆ ಯೋಗ್ಯವಲ್ಲವೆಂದು ತಿಳಿದು, ಅದರ ದೊಡ್ಡ ಪಾಲನ್ನು ವಿದ್ಯುತ್ತಿಗಾಗಿ ಸುಡುವ ಯೋಜನೆಯನ್ನು ಅಲ್ಲಿನ ಸಂಸತ್ತಿನ ಲೆಕ್ಕಪತ್ರ ಸಮಿತಿ 2022ರಲ್ಲಿ ಟೀಕಿಸಿತು. ಯಾರೂ ತೊಡದ ಉಡುಪು ಕೂಡ ಕಸವಾಗಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

2020ರ ಏಪ್ರಿಲ್ ವೇಳೆಗೆ ದೇಶದ ಪಿಪಿಇ ಮೇಲುಡುಪುಗಳಲ್ಲಿ ಸುಮಾರು ಅರ್ಧದಷ್ಟು ಬೆಂಗಳೂರಿನಲ್ಲಿ ತಯಾರಾಗುತ್ತಿದ್ದವು; ಅಂದರೆ ಒಗೆದು ಮತ್ತೆ ತೊಡಬಲ್ಲ ಉಡುಪನ್ನು ಹೊಲಿಯುವ ಸಾಮರ್ಥ್ಯ ಕರ್ನಾಟಕದಲ್ಲೇ ಇದೆ, ಇಲ್ಲದಿರುವುದು ಅದಕ್ಕೆ ಖಚಿತ ಬೇಡಿಕೆ. ಮುಂದಿನ ಪಿಡುಗು ಬಂದಾಗ ಟೆಂಡರ್ ಷರತ್ತು ಬರೆಯಲು ಪುರುಸೊತ್ತು ಇರುವುದಿಲ್ಲವಾದ್ದರಿಂದ, ಎಷ್ಟು ಬಾರಿ ಒಗೆಯಬಹುದು, ಬಳಕೆಯ ನಂತರ ಯಾವ ಚೀಲಕ್ಕೆ ಸೇರುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಸರ್ಕಾರವು ಆಸ್ಪತ್ರೆ ಖರೀದಿಯ ನಿಯಮಗಳಲ್ಲಿ ಈಗಲೇ ಕಡ್ಡಾಯಗೊಳಿಸಬೇಕು.