ಉಡುಪಲ್ಲ, ಆಟ ನೆನಪಿರಲಿ

ಸಾನಿಯಾ ಮಿರ್ಝಾ ಅಂದರೆ ನಮ್ಮ ಮನೆಗಳಲ್ಲಿ ಮೊದಲು ಉಡುಪಿನ ಮಾತು, ಬಳಿಕ ಮದುವೆಯ ಮಾತು. 2015ರಲ್ಲಿ ಅವರು ಏನು ಸಾಧಿಸಿದರು ಅಂತ ಕೇಳಿದರೆ ನಾವು ಸುಮ್ಮನಾಗುತ್ತೇವೆ.

ಮಣಿಕಟ್ಟಿನ, ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಿ, 2013ರಲ್ಲೇ ಸಿಂಗಲ್ಸ್ ಬಿಟ್ಟಿದ್ದವರು ಅವರು. 2015ರಲ್ಲಿ ಸಿಡ್ನಿಯಿಂದ ಸಿಂಗಾಪುರದವರೆಗೆ ಡಬಲ್ಸ್‌ನಲ್ಲಿ 10 ಪ್ರಶಸ್ತಿ ಗೆದ್ದರು. ಅದರಲ್ಲಿ 9 ಮಾರ್ಟಿನಾ ಹಿಂಗಿಸ್ ಜೊತೆ. ಏಪ್ರಿಲ್‌ನಲ್ಲಿ ಡಬಲ್ಸ್‌ನ ವಿಶ್ವ ನಂಬರ್ 1 ಆದರು. ಭಾರತದ ಯಾವ ಮಹಿಳೆಯೂ ಅದುವರೆಗೆ ಅಲ್ಲಿಗೆ ಏರಿರಲಿಲ್ಲ. ವಿಂಬಲ್ಡನ್ ಫೈನಲ್‌ನ ಕೊನೆಯ ಸೆಟ್‌ನಲ್ಲಿ 2-5 ಹಿಂದಿದ್ದು, 7-5ರಲ್ಲಿ ಗೆದ್ದರು. ಸೆಪ್ಟೆಂಬರ್‌ನಲ್ಲಿ ಯುಎಸ್ ಓಪನ್ ಕೂಡಾ ಬಂತು.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನಲ್ಲಿರುವ ನಮ್ಮ ಮಕ್ಕಳು ಟೆನಿಸ್ ಆಡದಿರಬಹುದು. ಆದರೆ ಶಾಲೆಯಲ್ಲಿ ಓಡುವ, ಖೋ ಖೋ ಆಡುವ ಹುಡುಗಿಯರಿದ್ದಾರೆ. ಎಸೆಸೆಲ್ಸಿ ಮುಗಿಯಿತೋ, ‘ಇನ್ನು ಸಾಕು ಮಗಳೇ’ ಅನ್ನುತ್ತೇವೆ. ಉಡುಪಿನದ್ದೇ ಚಿಂತೆಯಾದರೆ ಉಮ್ಮ, ಮಗಳು, ಪಿಟಿ ಮಾಸ್ಟ್ರು ಕೂತು ಮಾತಾಡಿದರೆ ದಾರಿ ಸಿಗುತ್ತದೆ. ಅದಕ್ಕಾಗಿ ಆಟವನ್ನೇ ನಿಲ್ಲಿಸಬೇಕೇ?

ಸಾನಿಯಾರ ಬೆನ್ನಿಗೆ ಕೋಚ್ ಆಗಿ ನಿಂತವರು ತಂದೆ ಇಮ್ರಾನ್ ಮಿರ್ಝಾ. ನಮ್ಮ ತಂದೆಯಂದಿರು ಅಷ್ಟು ಮಾಡುವುದು ಬೇಡ. ಮಗಳ ಪಂದ್ಯ ನೋಡಲು ಒಂದು ದಿನ ಅಂಗಡಿ ಮುಚ್ಚಲಿ, ಸಾಕು.